ಎದುರಾಳಿ ಯಾರು ಅಂತ ಕೇಳಿದರೆ ಉತ್ತರ ಕೊಡುವ ಜಾಗ: ಸ್ಟ್ಯಾಟ್ಸ್‌ಗುರು

ವಿಜಯನಗರದಲ್ಲಿ ನನ್ನದೊಂದು ಚಿಕ್ಕ ಮೆಸ್. ಚಪಾತಿ ಲಟ್ಟಿಸುವ ಹುಡುಗ ಪಶ್ಚಿಮ ನೇಪಾಳದವನು, ಬಂದು ನಾಲ್ಕು ವರ್ಷ ಆಯ್ತು. ರಾತ್ರಿ ಹತ್ತೂವರೆಗೆ ಶಟರ್ ಅರ್ಧ ಇಳಿಸಿದ ಮೇಲೆ ನಮ್ಮಿಬ್ಬರದ್ದು ಕ್ರಿಕೆಟ್ ಮಾತು. ಒಂದು ದಿನ ಖಾಯಂ ಗಿರಾಕಿಯೊಬ್ಬರು ಅವನಿಗೆ, "ನಿಮ್ಮ ನೇಪಾಳದವರು ಮಂಗೋಲಿಯಾ ಮೇಲೆ ಹೊಡೆದಿದ್ದೆಲ್ಲ ಒಂದು ರೆಕಾರ್ಡಾ, ಬಿಡಪ್ಪ" ಅಂದುಬಿಟ್ಟರು. ಹುಡುಗ ಏನೂ ಹೇಳಲಿಲ್ಲ, ಹಿಟ್ಟಿನ ಕಡೆ ತಿರುಗಿಕೊಂಡ. ನನಗೆ ತಡೆಯಲಾಗಲಿಲ್ಲ.

ಅವತ್ತೇ ಒಂದು ಸ್ಕೋರ್ ಆಪ್‌ಗೆ 149 ರೂಪಾಯಿ ಕಟ್ಟಿದೆ. ದುಡ್ಡು ದಂಡ. ನೇಪಾಳದ ಆಟಗಾರ ಕುಶಲ್ ಮಲ್ಲ ಅಂತ ಹುಡುಕಿದರೆ ಅದೇ ತಂಡದ ಕುಶಲ್ ಭುರ್ತೇಲ್ ಫೋಟೋ ಬಂತು. ಸಂದೀಪ್ ಲಾಮಿಛಾನೆಯ ಐಪಿಎಲ್ ವಿಕೆಟ್‌ಗಳನ್ನೂ ನೇಪಾಳಕ್ಕಾಗಿ ತೆಗೆದ ವಿಕೆಟ್‌ಗಳನ್ನೂ ಒಂದೇ ಲೆಕ್ಕಕ್ಕೆ ಸುರಿದಿದ್ದರು. ಎದುರಾಳಿ ಯಾರು ಅಂತ ಬೇರೆ ಮಾಡಿ ನೋಡಲು ದಾರಿಯೇ ಇಲ್ಲ.

ಆಮೇಲೆ ಇಎಸ್‌ಪಿಎನ್ ಕ್ರಿಕ್‌ಇನ್ಫೋ ಅನ್ನುವ ಕ್ರಿಕೆಟ್ ಜಾಲತಾಣದ ಅಂಕಿಅಂಶ ಹುಡುಕುವ ಭಾಗ, ಸ್ಟ್ಯಾಟ್ಸ್‌ಗುರು ತೆರೆದೆ. ದುಡ್ಡು ಕಟ್ಟಬೇಕಾಗಿಲ್ಲ. ಆಟಗಾರನ ಹೆಸರು ಹಾಕಿ, ಅಂತರರಾಷ್ಟ್ರೀಯ ಟಿ20 ಆರಿಸಿದರೆ, ಅವನ ಇಡೀ ಲೆಕ್ಕ ಬಿಡಿಬಿಡಿಯಾಗಿ ಬರುತ್ತೆ: ಯಾವ ತಂಡದ ಮೇಲೆ ಎಷ್ಟು, ಯಾವ ದೇಶದಲ್ಲಿ ಎಷ್ಟು, ಯಾವ ವರ್ಷ ಎಷ್ಟು, ಎಷ್ಟನೇ ಕ್ರಮಾಂಕದಲ್ಲಿ ಎಷ್ಟು. ನಾನು ಹುಡುಕುತ್ತಿದ್ದದ್ದು ಇದನ್ನೇ. ಕೋಷ್ಟಕಗಳು ಅಗಲ, ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ನೋಡಿ.

ಮೊದಲು ಮಂಗೋಲಿಯಾ ಲೆಕ್ಕವನ್ನೇ ಹಿಡಿದೆವು. 2023ರ ಸೆಪ್ಟೆಂಬರ್ 27, ಹಾಂಗ್‌ಝೌ ಏಷ್ಯನ್ ಗೇಮ್ಸ್. ನೇಪಾಳ 3 ವಿಕೆಟ್‌ಗೆ 314. ಕುಶಲ್ ಮಲ್ಲ 34 ಎಸೆತದಲ್ಲಿ ಶತಕ, ಒಟ್ಟು 50 ಎಸೆತಕ್ಕೆ ಔಟಾಗದೆ 137. ದೀಪೇಂದ್ರ ಸಿಂಗ್ ಐರಿ 9 ಎಸೆತದಲ್ಲಿ ಅರ್ಧಶತಕ. ಎಂಟು ಸಿಕ್ಸರ್, ಉಳಿದೊಂದು ಎಸೆತಕ್ಕೆ ಎರಡು ರನ್. 2007ರಿಂದ ಇದ್ದ ಯುವರಾಜ್ ಸಿಂಗ್‌ರ 12 ಎಸೆತದ ದಾಖಲೆ ಹೋಯ್ತು. ಎದುರಾಳಿಗಳು 41ಕ್ಕೆ ಆಲೌಟ್. ಗಿರಾಕಿ ಹೇಳಿದ್ದರಲ್ಲಿ ನಿಜ ಇಲ್ಲದಿಲ್ಲ. ಮಲ್ಲ ಔಟಾಗಲಿಲ್ಲವಾದ್ದರಿಂದ 137 ರನ್ ಪೂರ್ತಿ ಸೇರುತ್ತೆ, ಭಾಗಿಸುವ ಸಂಖ್ಯೆ, ಅಂದರೆ ಎಷ್ಟು ಸಲ ಔಟಾದರು ಅನ್ನುವುದು, ಮಾತ್ರ ಏರುವುದಿಲ್ಲ, ಸರಾಸರಿ ಉಬ್ಬುತ್ತೆ. ಐರಿಯದ್ದು ಬೇರೆ ಕಥೆ. ಅವತ್ತು ಅವರು ಆಡಿದ್ದೇ ಹತ್ತು ಎಸೆತ. ಅದನ್ನು ಕಳೆದರೂ ಅವರ ಲೆಕ್ಕ ಅಲ್ಲಾಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಒಮಾನಿನ ಅಲ್ ಅಮೆರಾತ್‌ನಲ್ಲಿ ಕತಾರ್ ಮೇಲೆ ಕೊನೇ ಓವರ್‌ನ ಆರಕ್ಕೆ ಆರೂ ಸಿಕ್ಸರ್ ಬಾರಿಸಿದ್ದೂ ಇವರೇ.

ಇನ್ನು ದಕ್ಷಿಣ ಆಫ್ರಿಕಾ. ಕುಶಲ್ ಭುರ್ತೇಲ್ ಅಂದರೆ ಎಲ್ಲರಿಗೂ ಬ್ಯಾಟ್ಸ್‌ಮನ್. ಬೌಲಿಂಗ್ ಲೆಕ್ಕದಲ್ಲಿ ಈ ಎದುರಾಳಿಯ ಸಾಲು ನೋಡಿ: ಒಂದು ಪಂದ್ಯ, 19 ರನ್, 4 ವಿಕೆಟ್, ಸರಾಸರಿ 4.75. 2024ರ ಟಿ20 ವಿಶ್ವಕಪ್‌ನಲ್ಲಿ ನೇಪಾಳದವರು ಸೇಂಟ್ ವಿನ್ಸೆಂಟ್‌ನಲ್ಲಿ ಒಂದೇ ರನ್‌ನಿಂದ ಸೋತರಲ್ಲ, ಅದೇ ಪಂದ್ಯ. ಐರಿ 21 ರನ್‌ಗೆ 3 ವಿಕೆಟ್. ಕೊನೇ ಎಸೆತದಲ್ಲಿ ಗುಲ್ಸನ್ ಝಾ ಓಡಿದ್ದು, ಕ್ರೀಸ್ ಮುಟ್ಟದೆ ಹೋಗಿದ್ದು ಕೋಷ್ಟಕದಲ್ಲಿ ಬರೀ 'ರನ್ ಔಟ್' ಅಂತಷ್ಟೇ ಸಿಗುತ್ತೆ. ಅದಕ್ಕೆ ಆ ಪಂದ್ಯವನ್ನು ನೋಡಿಯೇ ಇರಬೇಕು. ನಮ್ಮ ಹುಡುಗ ನೋಡಿದ್ದ. ಬೆಳಿಗ್ಗೆ ತಿಂಡಿ ಹೊತ್ತಿಗೆ ಅವನ ಕಣ್ಣು ಕೆಂಪಗಿತ್ತು.

ಟಿ20 ಅನ್ನುವ ಸಾಲು ಬೇರೆ, ಅಂತರರಾಷ್ಟ್ರೀಯ ಟಿ20 ಸಾಲು ಬೇರೆ, ಇದನ್ನು ಗಮನಿಸಿ. ಲೀಗ್ ಪಂದ್ಯಗಳೆಲ್ಲ ಮೊದಲನೆಯದರಲ್ಲಿ ಮಾತ್ರ. ಲಾಮಿಛಾನೆ ಐಪಿಎಲ್‌ಗೆ ಇಳಿದಿದ್ದು 2018ರ ಮೇ 12ರಂದು, ದಿಲ್ಲಿಯಲ್ಲಿ, ನಮ್ಮ ಆರ್‌ಸಿಬಿ ಎದುರೇ: 4 ಓವರ್, 25 ರನ್, ಪಾರ್ಥಿವ್ ಪಟೇಲ್ ವಿಕೆಟ್. ಅದು ಲೀಗ್ ಲೆಕ್ಕ. ನೇಪಾಳಕ್ಕಾಗಿ ಅವರ ನೂರನೇ ವಿಕೆಟ್ ಬಂದಿದ್ದು 54ನೇ ಪಂದ್ಯದಲ್ಲಿ, ಬಾಂಗ್ಲಾದೇಶದ ಎದುರು. ಅಫ್ಘಾನಿಸ್ತಾನದ ರಶೀದ್ ಖಾನ್‌ಗೆ ನೂರು ಮುಟ್ಟಲು ಬೇಕಾಗಿದ್ದು 53 ಪಂದ್ಯ.

ಮಹಿಳೆಯರ ವಿಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ. ನೇಪಾಳದ ಬೌಲರ್ ಅಂಜಲಿ ಚಂದ್, 2019ರ ಡಿಸೆಂಬರ್, ಪೋಖರಾ, ಮಾಲ್ಡೀವ್ಸ್ ವಿರುದ್ಧ 13 ಎಸೆತದಲ್ಲಿ 6 ವಿಕೆಟ್. ರನ್ ಅನ್ನುವ ಕಡೆ ಸೊನ್ನೆ. ಮುದ್ರಣದ ತಪ್ಪೇನೋ ಅಂತ ಎರಡು ಸಲ ನೋಡಿದೆ.

ನಿನ್ನೆ ಆ ಗಿರಾಕಿ ಊಟಕ್ಕೆ ಬಂದಿದ್ದರು. ಹುಡುಗ ಕೈಯ ಹಿಟ್ಟು ಒರೆಸಿಕೊಂಡು, ಎದುರಾಳಿಯ ಜಾಗದಲ್ಲಿ ವೆಸ್ಟ್ ಇಂಡೀಸ್ ಒಂದನ್ನೇ ಆರಿಸಿದ. 2025ರ ಸೆಪ್ಟೆಂಬರ್, ಶಾರ್ಜಾ: ಮೊದಲ ಪಂದ್ಯ 19 ರನ್ ಗೆಲುವು, ಎರಡನೇದರಲ್ಲಿ ಆಸಿಫ್ ಶೇಖ್ ಔಟಾಗದೆ 68, ಆದಿಲ್ ಆಲಂ 24 ರನ್‌ಗೆ 4 ವಿಕೆಟ್, ವೆಸ್ಟ್ ಇಂಡೀಸ್ 83ಕ್ಕೆ ಆಲೌಟ್. ಸರಣಿ 2-1ರಿಂದ ನೇಪಾಳಕ್ಕೆ. ಫೋನನ್ನು ಅವರ ತಟ್ಟೆ ಪಕ್ಕ ಇಟ್ಟ. ಅವರು ಎಡಗೈಯಲ್ಲಿ ಪರದೆ ಸರಿಸುತ್ತಾ ಓದಿದರು. ಸಾರು ಆರಿತ್ತು, ಬಿಸಿ ಮಾಡಿ ತಂದುಕೊಟ್ಟೆ.