ಪೋರ್ಟಲ್, ಬಾಡಿಗೆ ವೆಬ್‌ಸೈಟ್, ಸ್ವಂತ ವೆಬ್‌ಸೈಟ್: ಏಜೆಂಟರ ಕೆಲಸಕ್ಕೆ ಬರುವುದು ಯಾವುದು?

ಮನೆ ಮಾರಿಸುವ ಕೆಲಸದಲ್ಲಿ ಈ ಮೂರನ್ನೂ ಬಳಸಿ ನೋಡಿದ್ದೇನೆ: ಹಲವು ಏಜೆಂಟರ ಜಾಹೀರಾತು ಒಂದೇ ಕಡೆ ಇರುವ ಪೋರ್ಟಲ್, ಕಂಪನಿಯೊಂದು ತಿಂಗಳ ಬಾಡಿಗೆಗೆ ಕೊಡುವ ವೆಬ್‌ಸೈಟ್, ನಾವೇ ಮಾಡಿಕೊಳ್ಳುವ ವೆಬ್‌ಸೈಟ್. ಬೇಗ ಫೋನ್ ಬರಬೇಕು ಅಂದರೆ ಪೋರ್ಟಲ್ಲೇ ಸರಿ, ಎರಡು ಮಾತಿಲ್ಲ. ಆದರೆ ಅದೇ ಗ್ರಾಹಕರ ನಂಬರ್ ಎಷ್ಟೋ ಸಲ ಬೇರೆ ಏಜೆಂಟರಿಗೂ ಹೋಗಿರುತ್ತದೆ. ಸ್ವಲ್ಪ ತಡವಾದರೂ "ಬೇರೆಯವರ ಹತ್ತಿರ ಮಾತಾಡಿಬಿಟ್ಟೆವು" ಎನ್ನುತ್ತಾರೆ. ಇನ್ನು ಕೆಲವರು, ಫೋನ್ ಬರುತ್ತಿರಲಿ ಅಂತ ಮಾರಿಹೋದ ಮನೆಯನ್ನೂ ತೆಗೆಯುವುದಿಲ್ಲ. ಅದರ ಸಿಟ್ಟು ನಮ್ಮ ಮೇಲೆ ಬೀಳುತ್ತದೆ.

ತಿಂಗಳ ಬಾಡಿಗೆಯ ರೆಡಿಮೇಡ್ ವೆಬ್‌ಸೈಟ್ ನೋಡಲು ಚೆನ್ನಾಗಿತ್ತು, ಅಷ್ಟೇ. 'ಮನೆ ಕೊಳ್ಳುವವರಿಗೆ ಸಲಹೆ' ಅನ್ನುವ ಅದೇ ಬರಹ ಎಲ್ಲ ಏಜೆಂಟರ ಪುಟದಲ್ಲೂ ಇತ್ತು. ಹೆಸರು, ಮುಖ ಮಾತ್ರ ಬೇರೆ. ಒಂದೇ ಬರಹ ಹತ್ತು ಕಡೆ ಇದ್ದರೆ ಗೂಗಲ್ ಸಾಮಾನ್ಯವಾಗಿ ಒಂದನ್ನಷ್ಟೇ ಆರಿಸಿ ತೋರಿಸುತ್ತದೆ. ಉಳಿದವು ಸುಮ್ನೆ ಇರುತ್ತವೆ. ಬಿಡಲು ಹೊರಟಾಗ ಇನ್ನೊಂದು ತಕರಾರು: ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಬಾಡಿಗೆಗೆ ಕೊಟ್ಟ ಕಂಪನಿಯ ಹೆಸರಿನಲ್ಲಿತ್ತು! ಕಾರ್ಡಿನಲ್ಲಿ ಅಚ್ಚಾದ ವಿಳಾಸವೇ ನಮ್ಮದಲ್ಲ ಅಂದರೆ ಹೇಗೆ?

ಸ್ವಂತ ವೆಬ್‌ಸೈಟನ್ನು ವರ್ಡ್‌ಪ್ರೆಸ್‌ನಲ್ಲಿ ಮಾಡಿದೆ. ವೆಬ್‌ಸೈಟ್ ಮಾಡಲು 2003ರಿಂದ ಇರುವ ಉಚಿತ ಸಾಫ್ಟ್‌ವೇರ್ ಅದು; ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಸರ್ವರ್ ಜಾಗ) ಮತ್ತು ಡೊಮೇನ್‌ಗೆ ಮಾತ್ರ ದುಡ್ಡು. ತಲೆನೋವು ಇಲ್ಲ ಅಂತಲ್ಲ. ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುತ್ತಿರಬೇಕು, ವಿಚಾರಣೆ ಫಾರ್ಮಿಗೆ ಸ್ಪ್ಯಾಮ್ ಸುರಿಯುತ್ತದೆ. ಮೊದಲ ಕೆಲವು ತಿಂಗಳು ಯಾರೂ ಬರುವುದಿಲ್ಲ. ಆಮೇಲೆ ಕೆಲಸ ಮಾಡಿದ್ದು ಮನೆಗಳ ಪಟ್ಟಿ ಅಲ್ಲ, ಒಂದೊಂದು ಅಪಾರ್ಟ್‌ಮೆಂಟ್ ಬಗ್ಗೆ ಬರೆದ ಪುಟಗಳು. ಮಧ್ಯಾಹ್ನದ ಬಿಸಿಲು ಯಾವ ಕಡೆಯ ಮನೆಗಳಿಗೆ ಬೀಳುತ್ತದೆ, ಲಿಫ್ಟ್ ಎಷ್ಟಿವೆ, ರಸ್ತೆ ಗದ್ದಲ ಯಾವ ಮಹಡಿಯವರೆಗೆ ಕೇಳುತ್ತದೆ, ಹೀಗೆ. ಮನೆ ಮಾರಿದ ಮೇಲೆ ಅದರ ಜಾಹೀರಾತಿಗೆ ಬೆಲೆ ಇಲ್ಲ. ಈ ಪುಟಕ್ಕೆ ಮಾತ್ರ ಆ ಕಟ್ಟಡದ ಹೆಸರು ಹುಡುಕುವವರು ಬರುತ್ತಲೇ ಇರುತ್ತಾರೆ. ಅವರು ಫೋನ್ ಮಾಡುವಾಗ ಅರ್ಧ ವಿಷಯ ತಿಳಿದಿರುತ್ತದೆ, ಮಾತು ನೇರ ವ್ಯವಹಾರಕ್ಕೆ ಬರುತ್ತದೆ.

ಇಂಥ ವಿವರಣೆ ಚಾಟ್‌ಜಿಪಿಟಿಯಿಂದಲೂ ಬರೆಸಿ ನೋಡಿದೆ. ಎಲ್ಲವೂ 'ಕನಸಿನ ಮನೆ'! ಜೊತೆಗೆ ಇಲ್ಲದ ಬಾಲ್ಕನಿಯನ್ನೂ ಸೇರಿಸಿತ್ತು. ಕಾಗುಣಿತ ತಿದ್ದಲು ಸಾಕು, ಬರೆಯಲು ಬೇಡ.

ಫೋಟೊದ ವಿಷಯ ಮೂರಕ್ಕೂ ಒಂದೇ. ವೈಡ್ ಲೆನ್ಸಿನಲ್ಲಿ ತೆಗೆದರೆ ಕೋಣೆ ದೊಡ್ಡದಾಗಿ ಕಾಣುತ್ತದೆ, ನೋಡಲು ಬಂದವರ ಮುಖ ಚಿಕ್ಕದಾಗುತ್ತದೆ. ಫೋನಿನ ದೊಡ್ಡ ಫೈಲ್‌ಗಳನ್ನು ಹಾಗೇ ಹಾಕಿದರೆ ಪುಟ ನಿಧಾನ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಹೇಳುವ ಅಳತೆ. ಹಾಗಾಗಿ ಫೋಟೊಗಳನ್ನು ವೆಬ್‌ಪಿ (WebP) ಎನ್ನುವ ಹಗುರ ಫೈಲ್ ರೂಪಕ್ಕೆ ಬದಲಿಸಿ ಹಾಕುತ್ತೇನೆ.

ಈಗ ಪೋರ್ಟಲ್ ಮತ್ತು ಸ್ವಂತದ್ದು ಎರಡೂ ನಡೆಯುತ್ತಿವೆ. ಸಮಯವೇ ಇಲ್ಲ, ಬಾಡಿಗೆಯದೇ ಬೇಕು ಅನ್ನುವವರು ಸಹಿ ಹಾಕುವ ಮೊದಲೇ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಡೊಮೇನ್ ಯಾರ ಹೆಸರಿನಲ್ಲಿ ಇರುತ್ತದೆ, ಬಿಡುವಾಗ ಫೋಟೊಗಳು ಮತ್ತು ಗ್ರಾಹಕರ ಪಟ್ಟಿ ಹೇಗೆ ಕೈಗೆ ಸಿಗುತ್ತದೆ.