ಹೆಲೀನ್ ಬಂದ ವಾರ ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದು ಯಾವುದು?

2024ರ ಸೆಪ್ಟೆಂಬರ್ 27, ಶುಕ್ರವಾರ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಆಶ್‌ವಿಲ್‌ನಲ್ಲಿ ಬೆಳಗಾಗುವ ಮೊದಲೇ ಕರೆಂಟು ಹೋಯಿತು, ಅದರ ಬೆನ್ನಿಗೇ ಮನೆಯ ಇಂಟರ್ನೆಟ್, ಮಧ್ಯಾಹ್ನದೊಳಗೆ ಮೊಬೈಲ್. ಹೆಲೀನ್ ಚಂಡಮಾರುತ ಹಿಂದಿನ ರಾತ್ರಿ ಫ್ಲೋರಿಡಾದ ಕರಾವಳಿಗೆ ಅಪ್ಪಳಿಸಿತ್ತು. ನಮ್ಮದು ಸಮುದ್ರದಿಂದ ಬಹುದೂರದ ಬೆಟ್ಟದ ಊರು, ಒಂದಿಷ್ಟು ಮಳೆ ಬಂದು ಹೋದೀತು ಎಂದುಕೊಂಡಿದ್ದೆವು. ಮೂರು ದಿನಕ್ಕೆ ಸುಮಾರು 14 ಅಂಗುಲ ಸುರಿಯಿತು. ಫ್ರೆಂಚ್ ಬ್ರಾಡ್ ನದಿ 1916ರ ಮಹಾಪ್ರವಾಹದ ಮಟ್ಟವನ್ನೂ ದಾಟಿತು. ಉತ್ತರ ಕೆರೊಲಿನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ತೀರ್ಥಹಳ್ಳಿಯಲ್ಲಿ ಅಮ್ಮ ಊಟ ಬಿಟ್ಟು ಫೋನು ಹಚ್ಚುತ್ತಲೇ ಕೂತಿದ್ದಳಂತೆ.

ಆ ವಾರ ನಾವು ನಾಲ್ಕು ದಾರಿ ಹಿಡಿದು ನೋಡಿದೆವು. ಮುಂದಿನ ಮಳೆಗಾಲಕ್ಕೆ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಮೊಬೈಲ್. ಮನೆಯಲ್ಲಿ ಎರಡು ಕಂಪನಿಯ ಸಿಮ್ ಇದ್ದವು, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆಂಬ ಧೈರ್ಯದಿಂದ. ಎರಡೂ ಸತ್ತವು. ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ ಲೆಕ್ಕದಲ್ಲಿ ರಾಜ್ಯದ ಪಶ್ಚಿಮ ಭಾಗದ ಸುಮಾರು ಮುಕ್ಕಾಲು ಪಾಲು ಟವರ್‌ಗಳು ಮೊದಲ ದಿನಗಳಲ್ಲಿ ಕೆಲಸ ಮಾಡುತ್ತಿರಲಿಲ್ಲ. ಟವರ್ ಬೀಳಬೇಕೆಂದೇನಿಲ್ಲ. ಅದರ ಬುಡಕ್ಕೆ ಬರುವ ಫೈಬರ್ ಕೇಬಲ್ಲು ರಸ್ತೆಯ ಜೊತೆ ಕೊಚ್ಚಿಹೋದರೆ, ಜನರೇಟರಿನ ಡೀಸೆಲ್ ಮುಗಿದರೆ ಅದು ಬರೀ ಕಂಬ. ಎರಡು ಸಿಮ್ ಇದ್ದೂ ಪ್ರಯೋಜನ ಆಗದಿದ್ದುದು ಇದಕ್ಕೇ. ಕಂಪನಿಗಳು ಪರಸ್ಪರರ ಗಿರಾಕಿಗಳಿಗೆ ರೋಮಿಂಗ್ ತೆರೆದ ಮೇಲೆ, ಗುಡ್ಡದ ನೆತ್ತಿಯ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿದರೆ ಒಂದೆರಡು ಎಸ್ಸೆಮ್ಮೆಸ್ ಹೋಗುತ್ತಿತ್ತು. ಕರೆ ಒಂದೂ ಹತ್ತಲಿಲ್ಲ.

ಎರಡನೆಯದು ಐಫೋನಿನ ಉಪಗ್ರಹ ಸಂದೇಶ. ನಾನು ಇದನ್ನು ನಂಬಿರಲಿಲ್ಲ. ಇದಕ್ಕೆ ಬೇಕಾದ ಐಫೋನಿನ ಹೊಸ ತಂತ್ರಾಂಶ ಐಒಎಸ್ 18 ಬಂದು ಎರಡು ವಾರವೂ ಆಗಿರಲಿಲ್ಲ, ಅದೃಷ್ಟಕ್ಕೆ ಹಿಂದಿನ ವಾರ ಹಾಕಿಕೊಂಡಿದ್ದೆ. ಐಫೋನ್ 14 ಅಥವಾ ಅದಕ್ಕಿಂತ ಹೊಸ ಫೋನು ಬೇಕು, ತೆರೆದ ಆಕಾಶ ಬೇಕು. ನಮ್ಮ ಮನೆಯ ಸುತ್ತ ಓಕ್ ಮರಗಳ ಚಪ್ಪರ. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಇಪ್ಪತ್ತು ನಿಮಿಷ ನಿಂತರೂ ಸಂದೇಶ ಅಲ್ಲೇ ಸುತ್ತುತ್ತಿತ್ತು. ಹಿತ್ತಿಲಲ್ಲಿ ಎರಡು ದೊಡ್ಡ ಮರ ಬುಡಸಮೇತ ಉರುಳಿದ್ದವು. ಅವು ಬಿದ್ದಲ್ಲಿ ಆಕಾಶಕ್ಕೊಂದು ಕಿಂಡಿ ತೆರೆದಿತ್ತು. ಬೇರಿನ ಗುಂಡಿಯ ಪಕ್ಕ ಕಾಂಡದ ಮೇಲೆ ಹತ್ತಿ ನಿಂತು, ಪರದೆ ತೋರಿಸಿದಂತೆ ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿದೆ. ಆ ಉಪಗ್ರಹಗಳು ಸುಮಾರು 1,400 ಕಿ.ಮೀ. ಎತ್ತರದಲ್ಲಿ ಓಡುತ್ತಲೇ ಇರುತ್ತವೆ, ನಾವೂ ಅವುಗಳ ಜೊತೆ ತಿರುಗಬೇಕು. ‘ನಾವು ಮೂವರೂ ಕ್ಷೇಮ. ಮನೆ ನಿಂತಿದೆ. ಅಮ್ಮನಿಗೆ ಹೇಳು’ ಎಂದು ನ್ಯೂಜೆರ್ಸಿಯ ಅಕ್ಕನಿಗೆ ಕಳಿಸಿದೆ. ಒಂದೆರಡು ನಿಮಿಷಕ್ಕೆ ಹೋಯಿತು. ‘ಹೇಳಿದೆ, ಅಳುತ್ತಿದ್ದಾಳೆ, ಈಗ ಊಟಕ್ಕೆ ಕೂತಳು’ ಎಂದು ಮಾರುತ್ತರ ಬಂದಾಗ ನಾನು ಆ ಕಾಂಡದ ಮೇಲೇ ಕೂತುಬಿಟ್ಟೆ. ಫೋಟೊ ಹೋಗದು, ದನಿ ಹೋಗದು. ಆದರೆ ನನಗೂ ಆಕಾಶಕ್ಕೂ ನಡುವೆ ಕೊಚ್ಚಿಹೋಗುವಂಥದ್ದು ಏನೂ ಇರಲಿಲ್ಲ.

ಮೂರನೆಯದು ಸ್ಟಾರ್‌ಲಿಂಕ್, ಉಪಗ್ರಹದಿಂದ ಬರುವ ಇಂಟರ್ನೆಟ್. ವೇಗದಲ್ಲಿ ಎಲ್ಲಕ್ಕಿಂತ ಮೇಲು. ನಮ್ಮ ಹತ್ತಿರದ ಅಗ್ನಿಶಾಮಕ ಠಾಣೆಗೆ ಅದರ ತಟ್ಟೆ (ಆಂಟೆನಾ) ಬಂದಿದ್ದು ಐದನೆಯ ದಿನ, ಮಂಗಳವಾರ. ಅಮ್ಮನ ಮುಖ ಕಂಡಿದ್ದು ಅವತ್ತೇ. ಮಗಳು ಅಜ್ಜಿಗೆ ನೀರಿನ ಬಕೆಟ್ಟುಗಳ ಸಾಲು ತೋರಿಸಿದಳು. ಸ್ಟಾರ್‌ಲಿಂಕಿಗೆ ಕರೆಂಟು ಬೇಕು, ಅಂದರೆ ಜನರೇಟರ್, ಅಂದರೆ ಪೆಟ್ರೋಲ್, ಅಂದರೆ ತಾಸುಗಟ್ಟಲೆ ಸಾಲು. ಮೊದಲೇ ಮನೆಯಲ್ಲಿ ಇಟ್ಟುಕೊಂಡವರಿಗೆ ಅದು ವರ. ತಂದುಕೊಡುವವರಿಗಾಗಿ ಕಾಯುವವರಿಗೆ ರಸ್ತೆ ತೆರೆಯುವ ತನಕ ಇಲ್ಲದ ಹಾಗೇ.

ಇನ್ನು ರೇಡಿಯೊ. ಇದರ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ. ಮೂರು ಸೆಲ್ಲಿನ ಹಳೇ ಎಫ್‌ಎಂ ಪೆಟ್ಟಿಗೆಯಲ್ಲಿ ಬ್ಲೂ ರಿಡ್ಜ್ ಪಬ್ಲಿಕ್ ರೇಡಿಯೊ ಎಂಬ ಸ್ಥಳೀಯ ಕೇಂದ್ರ ಸಿಗುತ್ತಿತ್ತು. ಕುಡಿಯುವ ನೀರು ಎಲ್ಲಿ ಕೊಡುತ್ತಾರೆ, ಯಾವ ರಸ್ತೆ ಮುಚ್ಚಿದೆ ಎನ್ನುವುದನ್ನು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಅಧಿಕಾರಿಗಳ ಬಾಯಲ್ಲೇ ಕೇಳಿದೆವು. ನನ್ನ ಮಾತು ಅದು ಯಾರಿಗೂ ಮುಟ್ಟಿಸಲಿಲ್ಲ, ಆದರೆ ಆ ವಾರ ಬದುಕಿದ್ದು ಅದರ ಮಾತಿನಿಂದ.

ಎದುರುಮನೆಯ ಅಜ್ಜ ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು. ಮೌಂಟ್ ಮಿಚೆಲ್ ಮಿಸಿಸಿಪ್ಪಿಯ ಪೂರ್ವಕ್ಕೆ ಎಲ್ಲಕ್ಕಿಂತ ಎತ್ತರದ ಶಿಖರ, 6,684 ಅಡಿ. ಅಲ್ಲಿರುವ ಹ್ಯಾಮ್ ರಿಪೀಟರ್, ಅಂದರೆ ಸಣ್ಣ ಸೆಟ್ಟಿನ ದನಿಯನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರ, ಕೆಲಸ ನಿಲ್ಲಿಸಿರಲಿಲ್ಲ. 145.190 ಮೆಗಾಹರ್ಟ್ಸ್‌ಗೆ ಹೊಂದಿಸಿದ ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್ಟನ್ನು ಅಜ್ಜ ಜಗಲಿಯ ಕಟ್ಟೆಯ ಮೇಲಿಟ್ಟು ಕೂರುತ್ತಿದ್ದರು, ಸುತ್ತ ನಾವೆಲ್ಲ. ‘ಈ ವಿಳಾಸದಲ್ಲಿ ಒಬ್ಬ ಮುದುಕಿ, ಆಮ್ಲಜನಕ ಮುಗಿಯುತ್ತಿದೆ, ಹತ್ತಿರ ಯಾರಿದ್ದೀರಿ?’ ಎಂದು ಒಂದು ದನಿ. ಸ್ವಲ್ಪ ಹೊತ್ತು ಬರೀ ಸದ್ದು. ಆಮೇಲೆ ಎಲ್ಲಿಂದಲೋ, ‘ನಾನು ಎರಡು ಮೈಲಿಯಲ್ಲಿದ್ದೇನೆ, ನಡೆದು ಹೋಗುತ್ತೇನೆ.’ ಒಂದೊಂದೇ ಹೆಸರು ಬರೆದುಕೊಂಡು, ಒಬ್ಬರ ಮೇಲೊಬ್ಬರು ಮಾತಾಡದಂತೆ ಕಾದು, ದಿನವಿಡೀ ಹಾಗೆ ನಡೆಸಿದವರಿಗೆ ಸಂಬಳವಿಲ್ಲ. ಉಳಿದ ಮೂರೂ ನನ್ನನ್ನು ನನ್ನವರಿಗೆ ಜೋಡಿಸುವ ದಾರಿಗಳು. ಪಕ್ಕದ ಕಣಿವೆಯಲ್ಲಿ ಏನಾಗುತ್ತಿದೆಯೆಂದು ಹೇಳಿದ್ದು ಇದೊಂದೇ. ಕೇಳಲು ಲೈಸೆನ್ಸ್ ಬೇಡ, ಮಾತಾಡಲು ಬೇಕು.

ದುಡ್ಡು ಕಡಿಮೆ ಇದ್ದರೆ ಮೊದಲು ಸೆಲ್ಲಿನ ಎಫ್‌ಎಂ ಕೊಳ್ಳಿ. ಉಪಗ್ರಹ ಸಂದೇಶ ಬರುವ ಫೋನು ಕೈಯಲ್ಲಿದ್ದರೆ ಬಿಸಿಲಿನ ದಿನವೇ ಒಮ್ಮೆ ಅಭ್ಯಾಸ ಮಾಡಿ, ಅಂಗಳದ ಯಾವ ಮೂಲೆಯಲ್ಲಿ ಆಕಾಶ ಸಿಗುತ್ತದೆ ನೋಡಿಟ್ಟುಕೊಳ್ಳಿ. ಅಕ್ಕನಂಥ ಒಬ್ಬರ ನಂಬರು ಕಾಗದದ ಮೇಲೂ ಇರಲಿ. ಸ್ಟಾರ್‌ಲಿಂಕನ್ನು ಬೀದಿಯ ನಾಲ್ಕು ಮನೆಯವರು ಸೇರಿ ಇಟ್ಟುಕೊಂಡರೆ ಸಾಕು. ನಾನು ಹ್ಯಾಮ್ ಪರೀಕ್ಷೆಗೆ ಓದುತ್ತಿದ್ದೇನೆ. ಮೊದಲ ಹಂತಕ್ಕೆ 35 ಪ್ರಶ್ನೆ, 26 ಸರಿಯಾದರೆ ಪಾಸು. ಭಾನುವಾರ ಸಂಜೆ ಅಜ್ಜನ ಜಗಲಿಯಲ್ಲಿ ಪಾಠ.