ಅಜ್ಜಿ ಕಾಲದ ಸಿಂಗರ್ ಕೈ ಮಿಷಿನ್ ಅಂತ 13,500 ಕೊಟ್ಟು ಮೋಸ ಹೋದೆ, ತಗೊಳ್ಳೋರು ಒಂದ್ಸಲ ಓದ್ಕೊಳ್ಳಿ

ಹಳೇ ಕೈ ಹೊಲಿಗೆ ಮಿಷಿನ್ ಹುಡುಕ್ತಾ ಇರೋರು ಯಾರಾದ್ರೂ ಇದ್ರೆ ಇದನ್ನ ಪೂರ್ತಿ ಓದಿ ಆಮೇಲೆ ದುಡ್ಡು ಕಳ್ಸಿ. ಬರಿಯೋಕೆ ನಂಗೇ ನಾಚಿಕೆ, ಯಾಕಂದ್ರೆ ಇಪ್ಪತ್ತು ವರ್ಷದಿಂದ ಹೊಲಿತಿರೋಳು ನಾನು, ಬ್ಲೌಸು ಲಂಗ ಫಾಲ್ಸು ಪರದೆ ಎಲ್ಲಾ ಮನೇಲೇ, ನಂಗೇ ಹಿಂಗೆ ಟೋಪಿ ಬಿತ್ತು ಅಂದ್ರೆ ಮಿಷಿನ್ ಮುಟ್ಟಿ ಅಭ್ಯಾಸ ಇಲ್ದೆ ಬರೀ ಆಸೆಗೆ ತಗೊಳ್ಳೋರ ಗತಿ ಏನು.

ಆಸೆ ಹುಟ್ಟಿದ್ದು ಅಮ್ಮನ ಮಿಷಿನ್ನಿಂದ. ಕರಿ ಬಣ್ಣದ್ದು, ಚಿನ್ನದ ಬಣ್ಣದ ಬಳ್ಳಿ ಡಿಸೈನು, ಮರದ ಗುಮ್ಮಟದ ಥರ ಮುಚ್ಚಳ, ಪಕ್ಕದಲ್ಲಿ ಕೈಲಿ ತಿರುಗಿಸೋ ಹಿಡಿ. ಮನೆ ಬದಲಾಯಿಸುವಾಗ ಅದನ್ನ ಗುಜರಿಯವ್ನಿಗೆ ತೂಕದ ಲೆಕ್ಕದಲ್ಲಿ 180 ರೂಪಾಯಿಗೆ ಹಾಕ್ಬಿಟ್ವಿ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ಈಗ ನಮ್ದು ಚಿಕ್ಕ ಮನೆ, ಕಾಲ್ ಮಿಷಿನ್ ಇಡೋಕೆ ಜಾಗ ಇಲ್ಲ, ಜೊತೆಗೆ ಹಳೇ ಕಾಟನ್ ಸೀರೆ ತುಂಡೆಲ್ಲ ಸೇರ್ಸಿ ಕೌದಿ ಥರ ಹೊಲಿಯೋಕೆ ಕೈ ಮಿಷಿನ್ನಷ್ಟು ಹೇಳಿದ ಮಾತು ಕೇಳೋದು ಇನ್ಯಾವ್ದೂ ಇಲ್ಲ, ಒಂದೇ ಒಂದು ಹೊಲಿಗೆ ಹಾಕಿ ನಿಲ್ಸು ಅಂದ್ರೆ ನಿಲ್ಲತ್ತೆ.

ಹಿಂಗಿರುವಾಗ ಆನ್‌ಲೈನಲ್ಲಿ ಒಂದು ಆ್ಯಡ್ ಬಂತು. "1890 ಆಂಟಿಕ್ ಸಿಂಗರ್, 130 ವರ್ಷ ಹಳೇದು, ನಮ್ಮಜ್ಜಿದು, ವರ್ಕಿಂಗ್ ಕಂಡೀಷನ್, 18,000." ಫೋಟೋದಲ್ಲಿ ಕನ್ನಡಿ ಥರ ಹೊಳಿತಿತ್ತು. ಆ ಹೊಳಪು ನೋಡಿದಾಗ್ಲೇ ಅನುಮಾನ ಬರ್ಬೇಕಿತ್ತು, ನೂರ ಮೂವತ್ತು ವರ್ಷ ಬಳಸಿದ ಮಿಷಿನ್ನಲ್ಲಿ ಬಟ್ಟೆ ಉಜ್ಜಿ ಉಜ್ಜಿ ಮುಂದ್ಗಡೆ ಡಿಸೈನ್ ಸವೆದು ಹೋಗಿರ್ಬೇಕಲ್ವಾ, ಇದ್ರಲ್ಲಿ ಒಂದು ಎಲೆನೂ ಅಳಿಸಿರ್ಲಿಲ್ಲ. ನಾನು ಮಾತ್ರ "ಪಾಪ, ಎಷ್ಟು ಜೋಪಾನವಾಗಿ ಇಟ್ಕೊಂಡಿದಾರೆ ಅಜ್ಜಿ" ಅಂದ್ಕೊಂಡೆ.

ಮೈಸೂರಿಂದ ಬೆಂಗಳೂರಿಗೆ ಬಸ್ ಹತ್ತಿ ಹೋದೆ. ಮಾರೋನ ಹೆಸ್ರು ಏರಿಯಾ ಹಾಕಲ್ಲ. ಮನೆ ಚೆನ್ನಾಗಿತ್ತು, ಕಾಫಿ ಕೊಟ್ರು, "ಕೂತ್ಕೊಳ್ಳಿ ಅಕ್ಕಾ" ಅಂದ್ರು, ಮಿಷಿನ್ ವಿಷ್ಯದಲ್ಲಿ ಗಾಂಧೀಜಿ ಏನ್ ಹೇಳಿದ್ರು ಗೊತ್ತಾ ಅಂತ ಶುರು ಹಚ್ಕೊಂಡ. ಅದು ನಿಜಾನೇ, ಯಂತ್ರಗಳನ್ನ ಅಷ್ಟು ವಿರೋಧಿಸ್ತಿದ್ದ ಗಾಂಧೀಜಿ 1924ರಲ್ಲಿ ಹೊಲಿಗೆ ಮಿಷಿನ್ನಿಗೆ ಮಾತ್ರ ರಿಯಾಯ್ತಿ ಕೊಟ್ಟಿದ್ರು, ಹೆಂಡ್ತಿ ಕೈಲಿ ಹೊಲಿದು ಕಷ್ಟ ಪಡೋದು ನೋಡಲಾರ್ದೆ ಸಿಂಗರ್ ಪ್ರೀತಿಯಿಂದ ಇದನ್ನ ಮಾಡಿದ ಅಂತ. (ಆ ಸಿಂಗರ್ ಮಹಾಶಯನಿಗೆ ಬೇರೆ ಬೇರೆ ಹೆಂಗಸರಿಂದ ಇಪ್ಪತ್ತರ ಆಸುಪಾಸು ಮಕ್ಕಳು, ಪ್ರೀತಿ ಯಾರ ಮೇಲಿತ್ತೋ ದೇವ್ರಿಗೇ ಗೊತ್ತು.)

ಈಗ ಡೆಮೋ ವಿಷ್ಯ, ಇಲ್ಲೇ ನಾನು ಬಿದ್ದಿದ್ದು. ದಾರ ಹಾಕಿ ತೋರ್ಸಿ ಅಂದೆ. "ಅಯ್ಯೋ ಅಕ್ಕಾ, ಹೊಲಿಯೋರು ಯಾರಿದಾರೆ ನಮ್ಮನೇಲಿ, ದಾರಾನೇ ಇಲ್ಲ" ಅಂತ ಒಂದು ನ್ಯೂಸ್ ಪೇಪರ್ ತಂದು ಕಾಲಿನ ಕೆಳಗೆ ಇಟ್ಟ (ಬಟ್ಟೆನ ಒತ್ತಿ ಹಿಡಿಯೋ ಪ್ರೆಸರ್ ಕಾಲು ರೀ, ಅವನ ಕಾಲಲ್ಲ), ಹಿಡಿ ತಿರುಗ್ಸಿದ, ಟಕ ಟಕ ಟಕ ಅಂತ ಪೇಪರ್ ಹಿಂದೆ ಹೋಯ್ತು, ನೋಡಿದ್ರೆ ತೂತುಗಳ ಸಾಲು ಗೆರೆ ಎಳೆದಂಗೆ ನೇರ. "ನೋಡಿ ಎಂಥ ಫಿನಿಶಿಂಗು" ಅಂದ. ನಾನು ಅದಕ್ಕೆ ಮರುಳಾದೆ. ತೂತು ಹಾಕೋಕೆ ಸೂಜಿ ಮೇಲೆ ಕೆಳಗೆ ಆಡಿದ್ರೆ ಸಾಕು, ಹೊಲಿಗೆ ಬೀಳೋದು ಪ್ಲೇಟಿನ ಕೆಳಗೆ, ಅಲ್ಲಿ ಏನಿದೆ ಏನಿಲ್ಲ ಅಂತ ಪೇಪರ್ ಹೇಳಲ್ಲ. 18ರಿಂದ 13,500ಕ್ಕೆ ಇಳಿಸ್ದೆ ಅನ್ನೋ ಖುಷಿಲಿ ಅಲ್ಲೇ ಫೋನ್‌ಪೇ ಮಾಡಿ ಎತ್ಕೊಂಡು ಬಂದೆ.

ಪೋರ್ಟಬಲ್ ಅಂತಾರೆ ಆದ್ರೆ ಇದೆಲ್ಲ ಬೀಡು ಕಬ್ಬಿಣ, ಮರದ ಪೆಟ್ಟಿಗೆ ಸೇರಿ ಹತ್ತು ಕೆಜಿ ಮೇಲಿದೆ. ಮುಚ್ಚಳದ ಬೀಗಕ್ಕೆ ಕೀ ಇಲ್ಲ, "ಚಿಲಕ ಗಟ್ಟಿ ಇದೆ ಅಕ್ಕಾ, ಏನಾಗಲ್ಲ" ಅಂದಿದ್ದ. ಬಸ್‌ಸ್ಟ್ಯಾಂಡಲ್ಲಿ ಆಟೋ ಇಳ್ದು ಮೇಲಿನ ಹಿಡಿ ಹಿಡ್ಕೊಂಡು ಎತ್ತಿದೆ ನೋಡಿ, ಮುಚ್ಚಳ ಕೈಗೆ ಬಂತು, ಮಿಷಿನ್ ಕೆಳಗೇ ಉಳೀತು. ಪುಣ್ಯಕ್ಕೆ ಅರ್ಧ ಅಡಿ ಎತ್ತರದಿಂದ ಬಿತ್ತು, ಕಾಲ್ಬೆರಳು ಉಳೀತು, ಮರದ ತಳದ ಮೂಲೆ ಮಾತ್ರ ಚಕ್ಕೆ ಎದ್ದು ಒಳಗಿಂದ ಬೆಳ್ಳಗೆ ಪ್ಲೈವುಡ್ ಇಣುಕ್ತು. 1890ರ ಪೆಟ್ಟಿಗೇಲಿ ಹೊಸ ಪ್ಲೈವುಡ್ಡು! ಆವಾಗ್ಲಾದ್ರೂ ವಾಪಸ್ ಹೋಗ್ಬೇಕಿತ್ತು, ಹೋಗ್ಲಿಲ್ಲ, ಕಂಡಕ್ಟರ್ ಲಗೇಜ್ ಚಾರ್ಜ್ ಬೇರೆ ಹಾಕಿದ, ಕೊಟ್ಟು ಬಂದೆ.

ಮನೇಗೆ ಬಂದು ಕೈಕಾಲು ತೊಳ್ಕೊಂಡು ದಾರ ಹಾಕಿ ಹೊಲಿದೆ. ಬಟ್ಟೆ ಮುಂದೆ ಹೋಗತ್ತೆ, ಎಳೆದ್ರೆ ದಾರ ಸರ್ ಅಂತ ಪೂರ್ತಿ ಕಿತ್ಕೊಂಡು ಬರತ್ತೆ. ಕೆಳಗಿನ ದಾರಾನೇ ಇಲ್ಲ. ಆ ದಾರ ಸುತ್ತಿಡೋ ಬಾಬಿನ್ ಎಲ್ಲಿ ಅಂತ ನೋಡೋಣ ಅಂತ ಸೂಜಿ ಹತ್ರ ಇರೋ ಜಾರೋ ಪ್ಲೇಟನ್ನ ಸರಿಸಿದ್ರೆ ಒಳಗೆ ಒಂದು ಖಾಲಿ ಕಬ್ಬಿಣದ ತೊಟ್ಟಿಲು, ಹಿಂದೆ ಮುಂದೆ ತೂಗ್ತಾ ಇದೆ, ಅದ್ರಲ್ಲಿ ಮಲಗಬೇಕಾಗಿದ್ದ ಶಟಲ್ಲೇ (ಬಾಬಿನ್ ಹೊತ್ಕೊಂಡು ಓಡಾಡೋ ಗೂಡು) ಇಲ್ಲ.

ಮಾರನೇ ದಿನ ಮಂಡಿ ಮೊಹಲ್ಲಾ ಕಡೆ ಒಬ್ರು ಮಿಷಿನ್ ರಿಪೇರಿ ಮಾಡೋ ಭಾಯ್ ಹತ್ರ ತಗೊಂಡು ಹೋದೆ, ಅಮ್ಮನ ಕಾಲದಿಂದ ಗೊತ್ತು ಅವ್ರು. ನೋಡಿದ ತಕ್ಷಣ ನಕ್ಕರು. "ಇದು ದೋಣಿ ಶಟಲ್ ಮಿಷಿನ್ ಅಮ್ಮಾ. ಈಗ ಅಂಗಡೀಲಿ ಸಿಗೋ ದುಂಡು ಬಾಬಿನ್ ಇದಕ್ಕೆ ಆಗಲ್ಲ. ಉದ್ದ ಬಾಬಿನ್ ಬೇಕು, ಅದು ದೋಣಿ ಒಳಗೆ ಕೂರ್ಬೇಕು, ದೋಣಿ ತೊಟ್ಟಿಲಲ್ಲಿ ಕೂರ್ಬೇಕು." ಹತ್ತಿಗೆ ಥಿನ್ನರ್ ಹಾಕ್ಕೊಂಡು ಬಲಗಡೆ ಕಂಬದ ಬುಡದಲ್ಲಿ ಒಂದು ಉಬ್ಬಿದ ಜಾಗ ಇರತ್ತಲ್ಲ, ಅಲ್ಲಿ ಉಜ್ಜಿದ್ರು. ಕಾಡಿಗೆ ಥರ ಪೇಂಟ್ ಬಿಟ್ಕೊಂಡು ಬಂತು, ಅದರಡಿ ಇನ್ನೊಂದು ಪದರ, ಅದರಡಿ ಕಬ್ಬಿಣದಲ್ಲಿ ಕೊರೆದ ಒಂದು "ವೈ", ಅದರ ಮುಂದೆ ನಂಬರ್. ಕಾರ್ ಪೇಂಟ್ ಮಾಡೋ ಸ್ಪ್ರೇ ಹೊಡೆದಿದಾರೆ ಅಂದ್ರು. ಕಂಬದ ಮೇಲಿದ್ದ ಹಿತ್ತಾಳೆ ಬಿಲ್ಲೆನ ಉಗುರಲ್ಲಿ ಮೀಟಿದ್ರೆ ಟಪ್ ಅಂತ ಕೈಗೆ ಬಂತು, ಗಮ್ಮಲ್ಲಿ ಅಂಟಿಸಿದ್ದು, ಅಸಲಿ ಆಗಿದ್ರೆ ಸಣ್ಣ ಮೊಳೆ ಹೊಡೆದಿರ್ತಾರಂತೆ.

ಆಮೇಲೆ ನಾನು ಕೂತು ಓದಿದ್ದು ಏನಂದ್ರೆ, ವೈ ಅಕ್ಷರದ ನಂಬರ್‌ಗಳು ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಫ್ಯಾಕ್ಟರಿವು, 1921ರಿಂದ 1935ರ ಒಳಗಿನವು. ಆ ಫ್ಯಾಕ್ಟರಿ 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿತು, ಕಿಲ್ಬೋವಿ ಅನ್ನೋ ಜಾಗದಲ್ಲಿ ಇದ್ದಿದ್ದಕ್ಕೆ ಅಲ್ಲಿ ಆದ ಮಾಡೆಲ್‌ಗಳ ಕೊನೇಲಿ "ಕೆ" ಇರತ್ತೆ, 28ಕೆ, 99ಕೆ, 128ಕೆ ಹಿಂಗೆ. ಅಂದ್ರೆ ನಮ್ದು ಸಿಂಗರ್ ಅನ್ನೋದು ಸುಳ್ಳಲ್ಲ, 28 ಅನ್ನೋ ಮಾಡೆಲ್ಲು, ಮುಕ್ಕಾಲು ಸೈಜಿನ ಮಿಷಿನ್ನೇ, ಆದ್ರೆ 1890 ಸುಳ್ಳು, ಹೊಳಪು ಸುಳ್ಳು, ಪೆಟ್ಟಿಗೆ ಸುಳ್ಳು, ಕೈ ಹಿಡಿ ಯಾವ್ದೋ ಲೋಕಲ್ ಮಿಷಿನ್ನಿಂದ ಕಿತ್ತು ಹಾಕಿದ್ದು. ಅಜ್ಜಿ ಇದ್ರೋ ಇಲ್ವೋ ಅದೂ ಡೌಟೇ.

ಫೋನ್ ಮಾಡ್ದೆ. ಮೊದ್ಲು "ಶಟಲ್ ನೀವೇ ಬಸ್ಸಲ್ಲಿ ಬೀಳ್ಸಿರ್ಬೇಕು" ಅಂದ. ಬಿಡ್ಲಿಲ್ಲ ನಾನು, ಮತ್ತೆ ಮತ್ತೆ ಮಾಡಿದ್ಮೇಲೆ ದನಿ ಇಳಿಸಿ, "ಅಕ್ಕಾ ನೀವು ಲಾಸ್ ಆಯ್ತು ಅಂದ್ಕೋಬೇಡಿ, ಗಲ್ಫ್ ಪಾರ್ಟಿ ಒಬ್ರಿದಾರೆ, ಸೂಜಿ ಹತ್ರ ಮೊಬೈಲ್ ಹಿಡೀರಿ, ಸಿಗ್ನಲ್ ಕಟ್ ಆದ್ರೆ ಅದ್ರಲ್ಲಿ ರೆಡ್ ಮರ್ಕ್ಯುರಿ ಇದೆ ಅಂತ ಅರ್ಥ, ಲಕ್ಷಗಟ್ಟಲೆ ಬರತ್ತೆ, ನಂಗೆ 5,000 ಅಡ್ವಾನ್ಸ್ ಹಾಕಿದ್ರೆ ನಂಬರ್ ಕೊಡ್ತೀನಿ" ಅಂದ. ಮೋಸ ಹೋದೋಳಿಗೇ ಎರಡನೇ ಮೋಸ! ರೆಡ್ ಮರ್ಕ್ಯುರಿ ಅಂದ್ರೆ ಭಾರೀ ಬೆಲೆ ಬಾಳತ್ತೆ ಅಂತ ಜನ ನಂಬೋ, ಇಲ್ಲದೇ ಇರೋ ವಸ್ತು, ಈ ಕಥೆ ಹಳೇದು ಕಣ್ರೀ, 2009ರ ಏಪ್ರಿಲಲ್ಲಿ ಸೌದೀಲಿ ಇದೇ ಗಾಳಿಸುದ್ದಿ ಹಬ್ಬಿ ಹಳೇ ಸಿಂಗರ್‌ಗಳಿಗೆ ಎರಡು ಲಕ್ಷ ರಿಯಾಲ್ ತನಕ ಕೇಳ್ತಿದಾರೆ ಅಂತ ಪೇಪರಲ್ಲಿ ಬಂದಿತ್ತು, ಪೊಲೀಸ್ರು ತನಿಖೆಗೆ ಇಳಿದಿದ್ರು. ಸೂಜೀಲಿ ಮರ್ಕ್ಯುರಿನೂ ಇಲ್ಲ ಮಣ್ಣೂ ಇಲ್ಲ, ಅದು ಅಂಗಡೀಲಿ ಸಿಗೋ ಮಾಮೂಲಿ ಸೂಜಿ. ಬೈದು ಇಟ್ಟೆ, ಬ್ಲಾಕ್ ಮಾಡ್ದ. ನಮ್ಮನೆಯವ್ರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು ಅಂದ್ರು, ಕಣ್ಣಾರೆ ನೋಡಿ ಕೈಯಾರೆ ದುಡ್ಡು ಕೊಟ್ಟು ತಂದಿದ್ದಕ್ಕೆ ಏನಂತ ಕಂಪ್ಲೇಂಟ್ ಹೇಳ್ಲಿ.

ಈಗ ರೇಟಿನ ಮಾತು, ಎಲ್ರೂ ಇದನ್ನೇ ಕೇಳ್ತೀರ. ಭಾಯ್ ಹೇಳಿದ್ದು, ಶಟಲ್ ಇಲ್ದೆ ಪೇಂಟ್ ಬಳಿದಿರೋ ಇದಕ್ಕೆ ನಾನಾದ್ರೆ 2,500 ಕೊಡ್ತಿದ್ದೆ, ಶಟಲ್ಲು ನಾಲ್ಕೈದು ಬಾಬಿನ್ನು ಸಮೇತ ಚೆನ್ನಾಗಿ ಹೊಲಿಯೋದಾದ್ರೆ ಐದಾರು ಸಾವಿರ, ಅದ್ರ ಮೇಲೆ ನೀವು ಕೊಡೋದೆಲ್ಲ ಶೋಕಿಗೆ. ನಂಗೂ ಅದು ಸರಿ ಅನ್ಸತ್ತೆ, ಯಾಕಂದ್ರೆ ಇವು ಲಕ್ಷಲಕ್ಷ ಸಂಖ್ಯೇಲಿ ತಯಾರಾಗಿದ್ದು, ಹಳೇದು ಅಂದ್ರೆ ಅಪರೂಪದ್ದು ಅಂತ ಅಲ್ಲ. ಮಾರೋರು "ಅಮೆರಿಕಾದಲ್ಲಿ ಇದಕ್ಕೆ ನಾನೂರು ಐನೂರು ಡಾಲರ್" ಅಂತಾರೆ, ಅವ್ರು ತೋರ್ಸೋ ರೇಟು ಬೇರೆ ಮಿಷಿನ್ನಿಂದು, 1933ರಲ್ಲಿ ಬಂದ ಫೆದರ್‌ವೇಯ್ಟ್ 221, ಅಲ್ಯೂಮಿನಿಯಂ ಮೈ, ಬರೀ ಐದು ಕೆಜಿ, ಕರೆಂಟಿಂದು. ಅದಕ್ಕೂ ನಮ್ಮ ಕಬ್ಬಿಣದ ಕೈ ಮಿಷಿನ್ನಿಗೂ ಸಂಬಂಧ ಇಲ್ಲ. ಹಾಂ, ಅಮೆರಿಕಾದಿಂದ ಯಾರಾದ್ರೂ ನೆಂಟ್ರು ಫೆದರ್‌ವೇಯ್ಟ್ ತಂದುಕೊಟ್ರೆ ಮೋಟರ್ ಮೇಲೆ ವೋಲ್ಟ್ ಎಷ್ಟಿದೆ ನೋಡಿ, ಅಲ್ಲಿಂದು 110, ನಮ್ಮನೆ 230ಕ್ಕೆ ನೇರ ಚುಚ್ಚಿದ್ರೆ ಮೋಟರ್ ಹೊಗೆ.

ನೋಡೋಕೆ ಹೋಗುವಾಗ ನಿಮ್ಮ ಬ್ಯಾಗಲ್ಲೇ ಒಂದು ಕಾಟನ್ ತುಂಡು, ಒಂದು ಬಿಳಿ ದಾರ ಒಂದು ಕೆಂಪು ದಾರ, 16ನೇ ನಂಬರ್ ಸೂಜಿ ಇಟ್ಕೊಳ್ಳಿ. ಮೇಲೆ ಬಿಳಿ ಕೆಳಗೆ ಕೆಂಪು ಹಾಕಿ ಎರಡು ಪದರ ಬಟ್ಟೆ ಹೊಲೀರಿ, ಮೇಲ್ಗಡೆ ಕೆಂಪು ಚುಕ್ಕೆ ಕಂಡ್ರೆ ಟೆನ್ಷನ್ (ದಾರದ ಬಿಗಿ) ಸರಿ ಇಲ್ಲ, ಅದು ತಿರುಪಲ್ಲಿ ಸರಿ ಮಾಡ್ಬಹುದು, ಹೊಲಿಗೇನೇ ಬೀಳ್ದಿದ್ರೆ ಎದ್ದು ಬನ್ನಿ. ಜಾರೋ ಪ್ಲೇಟ್ ತೆಗ್ದು ಶಟಲ್ ಕೈಗೆ ತಗೊಂಡು ನೋಡಿ, ಮೂತಿ ನುಣ್ಣಗಿರ್ಬೇಕು, ತುಕ್ಕು ತಿಂದಿರಬಾರ್ದು. ಚಕ್ರ ಬಿಗಿ ಇದ್ರೆ ಹೆದರ್ಬೇಡಿ, ಎಷ್ಟೋ ಮನೇಲಿ ಮಿಷಿನ್ ಎಣ್ಣೆ ಬದ್ಲು ಕೊಬ್ರಿ ಎಣ್ಣೆ ಬಿಟ್ಟು ಅದು ಅಂಟಾಗಿ ಕೂತಿರತ್ತೆ, ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ರೆ ಬಿಡತ್ತೆ. ನಂಬರ್ ಇರೋ ಜಾಗದಲ್ಲಿ ಪೇಂಟ್ ಇದ್ರೆ, ಸ್ಕ್ರೂ ತಲೆ ಮೇಲೂ ಸೂಜಿ ಕಂಬಿ ಮೇಲೂ ಪೇಂಟ್ ಹನಿ ಇದ್ರೆ, ಅದು ಬಳಿದಿದ್ದೇ. ಬಣ್ಣ ಎದ್ದು ಹೋಗಿ ಕೊಳಕಾಗಿರೋದೇ ತಗೊಳ್ಳಿ, ಅದಕ್ಕೆ ಬೇಷ್ ಅನ್ನಿ, ಕೊಳಕಿನ ಕೆಳಗೆ ಏನೂ ಮುಚ್ಚಿಟ್ಟಿರಲ್ಲ.

ನನ್ನ ಮಿಷಿನ್ನಿಗೆ ಶಟಲ್ಲು ಎರಡು ಬಾಬಿನ್ನು ಆನ್‌ಲೈನಲ್ಲಿ ತರಿಸ್ದೆ, 1,150 ಆಯ್ತು, ಹೊಸದಾಗಿ ಮಾಡಿದ್ದು ಅದು, ಮೂತಿ ಒರಟು, ಭಾಯ್ ಉಜ್ಜಿ ಕೊಟ್ರು. ಈಗ ಹತ್ತು ಹೊಲಿಗೆಗೆ ಒಂದು ಸ್ಕಿಪ್ ಆಗತ್ತೆ, ಕೌದಿಗೆ ನಡಿಯತ್ತೆ, ಬ್ಲೌಸಿಗೆ ಆಗಲ್ಲ.

ಮೊನ್ನೆ ರಾತ್ರಿ ಸುಮ್ನೆ ನೋಡ್ತಿರುವಾಗ ಹೊಸ ಆ್ಯಡ್ ಬಂತು. ಅದೇ ಸೋಫಾ, ಅದೇ ಟೀಪಾಯಿ, ಇನ್ನೊಂದು ಫಳಫಳ ಮಿಷಿನ್ನು. ಈ ಸಲ 1880ರದ್ದಂತೆ, 22,000, ಅಜ್ಜಿ ಬದ್ಲು ಮುತ್ತಜ್ಜಿ.